ಕಾವಲುಗಾರನಿಗೂ ತಿಳಿಯದ ಗುಟ್ಟು

ಗಣಕಯಂತ್ರದ ಗುಪ್ತಪದವನ್ನು, ಅಂದರೆ ನಾವೆಲ್ಲ ಪಾಸ್‌ವರ್ಡ್ ಎನ್ನುವುದನ್ನು, ಮರೆತವರಿಗೆ ಒಂದು ಅನುಭವ ಆಗಿಯೇ ಇರುತ್ತದೆ. ಮರೆತಿದ್ದೇನೆ ಎಂದು ಎಷ್ಟು ಬೇಡಿಕೊಂಡರೂ ಹಳೆಯ ಪದವನ್ನು ಯಾರೂ ತಿಳಿಸುವುದಿಲ್ಲ. ಹೊಸದೊಂದನ್ನು ಇಟ್ಟುಕೊಳ್ಳಿ ಎನ್ನುತ್ತಾರೆ. ನಮ್ಮ ಬಂಧುವರ್ಗದ ಹಿರಿಯರೊಬ್ಬರು ಇದರಿಂದ ಬೇಸತ್ತು ನನ್ನನ್ನು ಕೇಳಿದರು: "ನಾನು ಟೈಪು ಮಾಡಿದ ಪದ ಸರಿಯೋ ತಪ್ಪೋ ಎಂಬುದನ್ನು ಯಂತ್ರ ಕ್ಷಣದಲ್ಲಿ ಹೇಳುತ್ತದೆ. ಆದರೆ ಆ ಪದ ಯಾವುದೆಂದು ತನಗೇ ಗೊತ್ತಿಲ್ಲ ಎನ್ನುತ್ತದೆ. ಗೊತ್ತಿಲ್ಲದಿದ್ದ ಮೇಲೆ ಹೋಲಿಸಿ ನೋಡುವುದಾದರೂ ಹೇಗೆ?"

ಪ್ರಶ್ನೆ ಸೊಗಸಾಗಿದೆ. ಯಂತ್ರ ಹೇಳುವುದೂ ನಿಜ. ಅದಕ್ಕೆ ಆ ಪದ ಗೊತ್ತಿಲ್ಲ, ಗೊತ್ತಿರಲೂ ಕೂಡದು. ಹಲವರು ಹಂಚಿಕೊಂಡು ಬಳಸುವ ಗಣಕದಲ್ಲಿ ಪ್ರತಿಯೊಬ್ಬನ ಗುಟ್ಟನ್ನು ಕಾಯುವವನು ತಾನೇ ಆ ಗುಟ್ಟನ್ನು ಅರಿಯದೆ ಕಾಯಬೇಕು ಎಂಬ ವಿವೇಕ ಒಂದೇ ದಿನದಲ್ಲಿ ಮೂಡಿದ್ದಲ್ಲ. ಅದರ ಹಿಂದೆ ಅರವತ್ತು ವರ್ಷಗಳ ಇತಿಹಾಸವಿದೆ. ನಾನು ಗಣಕಶಾಸ್ತ್ರವನ್ನು ವಿಧಿವತ್ತಾಗಿ ಕಲಿತವನಲ್ಲ. ಆದರೂ ಓದಿ ತಿಳಿದುಕೊಂಡಷ್ಟನ್ನು, ಹಿಂದೆ ತರಗತಿಯಲ್ಲಿ ಹೇಳುತ್ತಿದ್ದಂತೆ, ಮೊದಲಿನಿಂದ ಹೇಳುವೆನು.

1960ರ ಸುಮಾರಿಗೆ ಗಣಕವೆಂದರೆ ಒಂದು ಕೋಣೆಯನ್ನೇ ತುಂಬುವ ಯಂತ್ರ. ಅದರ ಬಳಿಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ತಮ್ಮ ಲೆಕ್ಕವನ್ನು ರಂಧ್ರ ಕೊರೆದ ಕಾರ್ಡುಗಳ ಕಟ್ಟಿನಲ್ಲಿ ಒಪ್ಪಿಸಿ, ಗಂಟೆಗಟ್ಟಲೆ ಕಾದು, ಉತ್ತರವನ್ನು ಮುದ್ರಿತ ಹಾಳೆಗಳಲ್ಲಿ ಪಡೆಯಬೇಕಾಗಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಮೊದಲಿನಿಂದ ಕಾಯಬೇಕು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿ ಈ ಕಷ್ಟಕ್ಕೆ ಪರಿಹಾರ ಹುಡುಕಿದರು. ಯಂತ್ರದ ಕಾಲವನ್ನು ಸಣ್ಣಸಣ್ಣ ತುಣುಕುಗಳಾಗಿ ಹಂಚಿ, ಅನೇಕರು ತಮ್ಮತಮ್ಮ ಟೈಪ್‌ರೈಟರ್ ಮಾದರಿಯ ಉಪಕರಣಗಳ ಮುಂದೆ ಕುಳಿತು ಏಕಕಾಲದಲ್ಲಿ ಕೆಲಸ ಮಾಡುವ ವ್ಯವಸ್ಥೆ ಅದು. 1961ರ ನವೆಂಬರಿನಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ಅದಕ್ಕೆ ಸಿ.ಟಿ.ಎಸ್.ಎಸ್. ಎಂದು ಹೆಸರು. ಕೊರ್ಬಾಟೊ ಅವರಿಗೆ ಇದೇ ಸಾಧನೆಗಾಗಿ 1990ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಯಂತ್ರವೊಂದು, ಬಳಕೆದಾರರು ಹಲವರು ಎಂದಾದ ಕೂಡಲೇ ಒಟ್ಟು ಕುಟುಂಬದಲ್ಲಿ ಏಳುವ ಪ್ರಶ್ನೆಯೇ ಇಲ್ಲಿಯೂ ಎದ್ದಿತು. ಯಾವ ಪೆಟ್ಟಿಗೆ ಯಾರದು? ಒಬ್ಬನ ಕಡತವನ್ನು ಇನ್ನೊಬ್ಬ ತೆರೆಯಬಾರದು. ಒಬ್ಬನಿಗೆ ಗೊತ್ತುಪಡಿಸಿದ ಯಂತ್ರಕಾಲವನ್ನು ಇನ್ನೊಬ್ಬ ಕಬಳಿಸಬಾರದು. ಅದಕ್ಕಾಗಿ ಕೊರ್ಬಾಟೊ ಮತ್ತು ಸಂಗಡಿಗರು ಪ್ರತಿಯೊಬ್ಬನಿಗೂ ಒಂದು ಗುಪ್ತಪದವನ್ನು ಕೊಟ್ಟರು. ಯಂತ್ರದಲ್ಲಿ ಅವೆಲ್ಲವನ್ನೂ ಒಂದೇ ಕಡತದಲ್ಲಿ ಇದ್ದದ್ದು ಇದ್ದಹಾಗೆಯೇ ಬರೆದಿಡಲಾಗಿತ್ತು. ಊರಿನ ಮನೆಗಳ ಬೀಗದ ಕೈಗಳನ್ನೆಲ್ಲ ಒಂದೇ ಗೊಂಚಲು ಮಾಡಿ ಒಂದೇ ಮೊಳೆಗೆ ತೂಗುಹಾಕಿದಂತೆ.

ಆ ಗೊಂಚಲು ಬಹುಕಾಲ ಸುರಕ್ಷಿತವಾಗಿ ಉಳಿಯಲಿಲ್ಲ. 1962ರ ವಸಂತದಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಕೆಲವೇ ಗಂಟೆಗಳ ಯಂತ್ರಕಾಲ ದೊರೆಯುತ್ತಿತ್ತು. ಅವನ ಸಂಶೋಧನೆಗೆ ಅದು ಸಾಲದಾಗಿತ್ತು. ಕಡತದ ಹೆಸರನ್ನು ಕಾರ್ಡಿನಲ್ಲಿ ಕೊರೆದು ಒಪ್ಪಿಸಿದರೆ ಅದನ್ನು ಮುದ್ರಿಸಿಕೊಡುವ ಸೌಲಭ್ಯವೊಂದು ಅಲ್ಲಿತ್ತು. ಶೆರ್ ಗುಪ್ತಪದಗಳ ಕಡತದ ಹೆಸರನ್ನೇ ಕೊರೆದು ಒಂದು ಶುಕ್ರವಾರ ರಾತ್ರಿ ಸಲ್ಲಿಸಿದ. ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ, ಎಲ್ಲರ ಗುಪ್ತಪದಗಳೂ ಅಚ್ಚಾಗಿ ಅವನಿಗಾಗಿ ಕಾದಿದ್ದವು. ದಶಕಗಳ ಬಳಿಕ ಈ ಸಂಗತಿಯನ್ನು ಅವರೇ ಬಹಿರಂಗವಾಗಿ ಹೇಳಿಕೊಂಡರು. ಅವನು ಬೀಗವನ್ನು ಒಡೆಯಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಕೇಳಿದ, ಯಂತ್ರ ಕೊಟ್ಟಿತು.

ಎರಡನೆಯ ಪ್ರಸಂಗ ಇನ್ನೂ ವಿಚಿತ್ರ. ಅಲ್ಲಿ ಕಳ್ಳನೇ ಇರಲಿಲ್ಲ. 1966ರಲ್ಲಿ ಅದೇ ಸಿ.ಟಿ.ಎಸ್.ಎಸ್. ವ್ಯವಸ್ಥೆಯಲ್ಲಿ ಇಬ್ಬರು ನಿರ್ವಾಹಕರು ಒಂದೇ ಹೊತ್ತಿನಲ್ಲಿ ಕೆಲಸಕ್ಕೆ ಕುಳಿತರು. ಒಬ್ಬರು ಗುಪ್ತಪದಗಳ ಕಡತವನ್ನು ತಿದ್ದುತ್ತಿದ್ದರು. ಇನ್ನೊಬ್ಬರು, ಯಂತ್ರವನ್ನು ಪ್ರವೇಶಿಸುವ ಎಲ್ಲರಿಗೂ ತೋರಿಸುವ ಆ ದಿನದ ಪ್ರಕಟಣೆಯನ್ನು ತಿದ್ದುತ್ತಿದ್ದರು. ತಿದ್ದುವ ಸಾಧನವು ಕರಡನ್ನು ಯಾವಾಗಲೂ ಒಂದೇ ಹೆಸರಿನ ತಾತ್ಕಾಲಿಕ ಕಡತದಲ್ಲಿ ಇಡುತ್ತಿತ್ತು. ಒಂದು ಖಾತೆಯಲ್ಲಿ ಒಬ್ಬನೇ ಕೆಲಸ ಮಾಡುತ್ತಾನೆ ಎಂದು ಅದನ್ನು ರಚಿಸಿದವರ ಎಣಿಕೆ. ಒಂದೇ ಸ್ಲೇಟಿನ ಮೇಲೆ ಇಬ್ಬರು ಬಾಲಕರು ಬರೆದಂತಾಯಿತು. ಎರಡು ಕರಡುಗಳೂ ಅದಲುಬದಲಾದವು. ಅಂದು ಯಂತ್ರವನ್ನು ಪ್ರವೇಶಿಸಿದವರೆಲ್ಲರ ಮುಂದೆ ಆ ದಿನದ ಪ್ರಕಟಣೆಯಾಗಿ ಸಮಸ್ತರ ಗುಪ್ತಪದಗಳೂ ಒಂದೊಂದಾಗಿ ಅಚ್ಚಾಗತೊಡಗಿದವು! ಅದನ್ನು ಕಂಡ ಬಳಕೆದಾರನೊಬ್ಬ ಸಮಯಸ್ಫೂರ್ತಿಯಿಂದ ಯಂತ್ರವನ್ನೇ ಸ್ತಬ್ಧಗೊಳಿಸಿದ. ಶುಕ್ರವಾರ ಸಂಜೆ ಐದು ಗಂಟೆಯ ಹೊತ್ತು; ಮನೆಗೆ ಹೊರಟಿದ್ದ ಸಿಬ್ಬಂದಿ ಕುಳಿತು ಎಲ್ಲರ ಪದಗಳನ್ನೂ ಬದಲಾಯಿಸಬೇಕಾಯಿತು.

ಈ ಎರಡು ಪ್ರಸಂಗಗಳಲ್ಲಿಯೂ ಬಳಕೆದಾರನ ತಪ್ಪು ಎಳ್ಳಷ್ಟೂ ಇಲ್ಲ. ಅವನು ಎಂಥ ಕಠಿಣ ಪದವನ್ನು ಆರಿಸಿದ್ದರೂ, ಅದನ್ನು ಎಷ್ಟು ಜೋಪಾನವಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೂ, ಅದು ಬೀದಿಗೆ ಬಿದ್ದೇ ಬೀಳುತ್ತಿತ್ತು. ದೋಷವಿದ್ದುದು ಒಂದೇ ಕಡೆ: ಕಾವಲುಗಾರನು ಗುಟ್ಟನ್ನೇ ಬರೆದಿಟ್ಟುಕೊಂಡಿದ್ದ. ಬರೆದಿಟ್ಟದ್ದನ್ನು ಇನ್ನಷ್ಟು ಭದ್ರವಾಗಿ ಬಚ್ಚಿಡೋಣ ಎಂದು ಹೊರಟರೆ ಅದಕ್ಕೆ ಕೊನೆಯೆಂಬುದಿಲ್ಲ. ಬರೆದಿಡದೆಯೇ ಗುರುತಿಸಲು ಸಾಧ್ಯವೇ? ಹೀಗೆ ಪ್ರಶ್ನೆಯನ್ನೇ ತಿರುಗಿಸಿ ಕೇಳಿದಾಗ ದಾರಿ ಕಂಡಿತು.

ದಾರಿ ಕಂಡವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ರೋಜರ್ ನೀಡಮ್. ಅಲ್ಲಿನ ಟೈಟನ್ ಎಂಬ ಗಣಕಕ್ಕಾಗಿ 1960ರ ದಶಕದಲ್ಲಿ ಅವರು ರೂಪಿಸಿದ ಈ ಉಪಾಯವನ್ನು ಅವರ ಹಿರಿಯ ಸಹೋದ್ಯೋಗಿ ಮೊರೀಸ್ ವಿಲ್ಕ್ಸ್ 1968ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಅದನ್ನು ನಮ್ಮ ಮನೆಯ ಬೀಸುವ ಕಲ್ಲಿನ ಮೂಲಕ ಹೇಳಿದರೆ ಸುಲಭವಾದೀತು. ರಾಗಿಯನ್ನು ಬೀಸಿ ಹಿಟ್ಟು ಮಾಡಬಹುದು. ಹಿಟ್ಟನ್ನು ಹಿಂದಕ್ಕೆ ಬೀಸಿ ಕಾಳು ಮಾಡಲಾಗದು. ಗಣಿತದಲ್ಲಿಯೂ ಇಂಥ ಬೀಸುವ ಕಲ್ಲುಗಳಿವೆ. ಒಂದು ಪದವನ್ನು ಅದರೊಳಗೆ ಹಾಕಿದರೆ ಅರ್ಥವಿಲ್ಲದ ಅಕ್ಷರಗಳ ಮಾಲೆಯೊಂದು ಹೊರಬರುತ್ತದೆ. ಅದೇ ಪದವನ್ನು ಎಷ್ಟು ಸಲ ಹಾಕಿದರೂ ಅದೇ ಮಾಲೆ ಬರುತ್ತದೆ. ಒಂದು ಅಕ್ಷರ ಬದಲಾದರೂ ಬೇರೆಯೇ ಬರುತ್ತದೆ. ಮಾಲೆಯಿಂದ ಪದಕ್ಕೆ ಹಿಂದಿರುಗುವ ದಾರಿ ಮಾತ್ರ ಇಲ್ಲ. ಯಂತ್ರವು ಪದವನ್ನು ಇಟ್ಟುಕೊಳ್ಳದೆ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ನೀವು ಮತ್ತೆ ಬಂದು ಪದವನ್ನು ಹೇಳಿದಾಗ ಅದನ್ನು ಬೀಸಿ, ಇದ್ದ ಹಿಟ್ಟಿನೊಡನೆ ಹೋಲಿಸಿ, ಹೊಂದಿದರೆ ಬಾಗಿಲು ತೆರೆಯುತ್ತದೆ. ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಇದೇ.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಹಿಟ್ಟಿನಿಂದ ಕಾಳಿಗೆ ಹಿಂದಿರುಗಲಾಗದಿದ್ದರೇನು? ಊರಿನಲ್ಲಿರುವ ಕಾಳುಗಳನ್ನೆಲ್ಲ ಒಂದೊಂದಾಗಿ ಬೀಸಿ ನೋಡಿ, ಯಾವುದರ ಹಿಟ್ಟು ಇದಕ್ಕೆ ಹೊಂದುತ್ತದೆ ಎಂದು ಪರೀಕ್ಷಿಸಬಹುದಲ್ಲ! ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಎಂಬ ಬಹುಬಳಕೆದಾರ ವ್ಯವಸ್ಥೆಯನ್ನು ಬೆಳೆಸುತ್ತಿದ್ದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಈ ಅಪಾಯವನ್ನು ಮುಚ್ಚಿಡದೆ ಅಳೆದು ನೋಡಿದರು. 1979ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಓದಲೇಬೇಕಾದ ಬರಹ.

ಯುನಿಕ್ಸಿನ ಮೊದಲ ಬೀಸುವ ಕಲ್ಲು ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಬಳಸಿದ ಎಂ-209 ಎಂಬ ಸಂಕೇತಯಂತ್ರದ ಅನುಕರಣೆ. ಅದು ಬಹಳ ಚುರುಕಾಗಿತ್ತು. ಅದೇ ಅದರ ದೋಷವಾಯಿತು. ಅಂದಿನ ಗಣಕದಲ್ಲಿ ಒಂದು ಪದವನ್ನು ಪರೀಕ್ಷಿಸಲು ಸುಮಾರು 1.25 ಮಿಲಿಸೆಕೆಂಡು ಸಾಕಾಗಿತ್ತು. ಅಂದರೆ ಎರಡೂವರೆ ಲಕ್ಷ ಪದಗಳ ನಿಘಂಟನ್ನು ಪೂರ್ತಿಯಾಗಿ ಪರೀಕ್ಷಿಸಲು ಐದೇ ನಿಮಿಷ. ಆರು ಸಣ್ಣಕ್ಷರಗಳ ಎಲ್ಲ ಜೋಡಣೆಗಳನ್ನೂ ನೋಡಿ ಮುಗಿಸಲು 107 ಗಂಟೆ. ಜನ ಎಂಥ ಪದಗಳನ್ನು ಆರಿಸುತ್ತಾರೆ ಎಂದು ತಿಳಿಯಲು ಅವರು 3,289 ಗುಪ್ತಪದಗಳನ್ನು ಸಂಗ್ರಹಿಸಿ ಪರಿಶೀಲಿಸಿದರು. 15 ಮಂದಿಯದು ಒಂದೇ ಅಕ್ಷರ. 72 ಮಂದಿಯದು ಎರಡಕ್ಷರ. 464 ಮಂದಿಯದು ಮೂರಕ್ಷರ. ನಿಘಂಟು ಮತ್ತು ಹೆಸರುಗಳ ಪಟ್ಟಿಯಲ್ಲಿ ಸಿಕ್ಕಿದವು 492. ಒಟ್ಟಿನಲ್ಲಿ 2,831 ಪದಗಳು, ಎಂದರೆ ನೂರಕ್ಕೆ 86, ಸುಲಭವಾಗಿ ಊಹಿಸಬಹುದಾದವು. ನಮ್ಮಲ್ಲಿ ಇಂಥ ಲೆಕ್ಕ ತೆಗೆದರೆ ಮನೆದೇವರ ಹೆಸರು, ಮೊಮ್ಮಗಳ ಹೆಸರು, ಹುಟ್ಟಿದ ಇಸವಿ ಇವೇ ಮುಂದೆ ನಿಂತಾವು ಎಂದು ನನ್ನ ಊಹೆ.

ಜನರನ್ನು ಬೈದು ಸುಮ್ಮನಾಗದೆ ಮಾರಿಸ್ ಮತ್ತು ಥಾಂಪ್ಸನ್ ಕಾವಲನ್ನೇ ಬಲಪಡಿಸಿದರು. ಮೊದಲನೆಯದಾಗಿ, ಬೀಸುವ ಕಲ್ಲನ್ನು ಉದ್ದೇಶಪೂರ್ವಕವಾಗಿ ಭಾರ ಮಾಡಿದರು. ಆಗಷ್ಟೇ ಅಮೆರಿಕ ಸರ್ಕಾರ ಅಂಗೀಕರಿಸಿದ್ದ ಡಿ.ಇ.ಎಸ್. ಎಂಬ ಸಂಕೇತವಿಧಾನವನ್ನು ಒಂದರ ಮೇಲೊಂದರಂತೆ 25 ಸಲ ನಡೆಸುವ ಏರ್ಪಾಡು ಮಾಡಿದರು. ಒಮ್ಮೆ ಒಳಗೆ ಹೋಗುವ ಪ್ರಾಮಾಣಿಕನಿಗೆ ಆ ವಿಳಂಬ ತಿಳಿಯುವುದೇ ಇಲ್ಲ. ಲಕ್ಷಾಂತರ ಸಲ ಬೀಸಬೇಕಾದ ಕಳ್ಳನ ರಟ್ಟೆ ಸೋಲುತ್ತದೆ. ಎರಡನೆಯದಾಗಿ, ಕಾಳಿಗೆ ಒಂದು ಚಿಟಿಕೆ ಉಪ್ಪು ಬೆರೆಸಿದರು. ಇದು ನನ್ನ ಉಪಮೆಯಲ್ಲ. ಇಂಗ್ಲಿಷಿನಲ್ಲಿಯೂ ಅದರ ಹೆಸರು ಸಾಲ್ಟ್ ಎಂದೇ. ಪ್ರತಿ ಬಳಕೆದಾರನ ಪದದೊಡನೆ ಯಂತ್ರವು 4,096 ಬಗೆಯ ಉಪ್ಪುಗಳಲ್ಲಿ ಒಂದನ್ನು ತಾನೇ ಆರಿಸಿ ಸೇರಿಸುತ್ತದೆ. ಹೀಗಾಗಿ ಇಬ್ಬರು ಒಂದೇ ಪದವನ್ನು ಇಟ್ಟುಕೊಂಡಿದ್ದರೂ ಅವರ ಹಿಟ್ಟು ಸಾಮಾನ್ಯವಾಗಿ ಬೇರೆಬೇರೆ. ಕಳ್ಳನು ನಿಘಂಟನ್ನೆಲ್ಲ ಮೊದಲೇ ಬೀಸಿಟ್ಟುಕೊಂಡು ಎಲ್ಲರ ಮನೆಗೂ ಅದನ್ನೇ ಒಯ್ಯಲಾಗದು. ಒಂದೊಂದು ಉಪ್ಪಿಗೂ ಹೊಸದಾಗಿ ಬೀಸಬೇಕು.

ಆ ವಿಧಾನದ ಮೇಲಿನ ಭರವಸೆಯಿಂದ ಯುನಿಕ್ಸಿನಲ್ಲಿ ಹಿಟ್ಟಿನ ಪಟ್ಟಿಯನ್ನು ಎಲ್ಲರೂ ಓದಬಹುದಾದ ಕಡತದಲ್ಲಿಯೇ ಬಿಟ್ಟಿದ್ದರು. ಬಳಕೆದಾರರ ಹೆಸರು, ಸಂಖ್ಯೆ ಮೊದಲಾದ ವಿವರಗಳು ಅದೇ ಕಡತದಲ್ಲಿದ್ದುದರಿಂದ ಹಲವು ಕ್ರಮವಿಧಿಗಳಿಗೆ ಅದು ಬೇಕಾಗಿತ್ತು. ಗಣಕಗಳ ವೇಗ ಹೆಚ್ಚಿದಂತೆ ಆ ಭರವಸೆ ಸಡಿಲವಾಯಿತು. 1988ರ ನವೆಂಬರ್ 2ರಂದು ಅಂತರಜಾಲದಲ್ಲಿ ಹುಳುವಿನಂತೆ ತಾನೇ ಹರಿದಾಡುವ ಕ್ರಮವಿಧಿಯೊಂದು ಕಾಣಿಸಿಕೊಂಡು ಸಾವಿರಾರು ಯಂತ್ರಗಳನ್ನು ಉಸಿರುಕಟ್ಟಿಸಿತು. ಅದು ಬಳಸಿದ ಹಲವು ಕಳ್ಳದಾರಿಗಳಲ್ಲಿ ಒಂದು ಇದೇ ಕಡತ. ಬಳಕೆದಾರನ ಹೆಸರನ್ನೇ ಗುಪ್ತಪದವೆಂದು ಊಹಿಸಿ ನೋಡುತ್ತಿತ್ತು. ಆಗದಿದ್ದರೆ ತನ್ನೊಡನೆ ತಂದಿದ್ದ 432 ಪದಗಳ ಪಟ್ಟಿಯನ್ನು ಬೀಸಿ ನೋಡುತ್ತಿತ್ತು. ಅದನ್ನು ಬರೆದವನು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್. 1979ರ ಆ ಪ್ರಬಂಧವನ್ನು ಬರೆದ ರಾಬರ್ಟ್ ಮಾರಿಸ್ ಅವರ ಸ್ವಂತ ಮಗ! ತಂದೆ ಆಗ ಅಮೆರಿಕ ಸರ್ಕಾರದ ಗಣಕ ಸುರಕ್ಷತಾ ಕೇಂದ್ರದ ಮುಖ್ಯ ವಿಜ್ಞಾನಿ. ಮಗನಿಗೆ 1990ರಲ್ಲಿ ಮೂರು ವರ್ಷಗಳ ನಿಗಾವಣೆ, 400 ಗಂಟೆಗಳ ಸಮುದಾಯ ಸೇವೆ ಮತ್ತು ದಂಡ ವಿಧಿಸಲಾಯಿತು. ಮುಂದೆ ಆತ ಎಂ.ಐ.ಟಿ.ಯಲ್ಲಿಯೇ ಪ್ರಾಧ್ಯಾಪಕರಾದರು.

ಆ ಕಾಲದಿಂದೀಚೆಗೆ ಯುನಿಕ್ಸ್ ವ್ಯವಸ್ಥೆಗಳು ಹಿಟ್ಟಿನ ಪಟ್ಟಿಯನ್ನು ನಿರ್ವಾಹಕನು ಮಾತ್ರ ಓದಬಹುದಾದ ಪ್ರತ್ಯೇಕ ಕಡತಕ್ಕೆ ಸಾಗಿಸಿದವು. 1999ರಲ್ಲಿ ನೀಲ್ಸ್ ಪ್ರೊವೊಸ್ ಮತ್ತು ಡೇವಿಡ್ ಮಾಜಿಯೆರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು ರೂಪಿಸಿದ ಬಿಕ್ರಿಪ್ಟ್ ಎಂಬ ವಿಧಾನದಲ್ಲಿ ಕಲ್ಲಿನ ಭಾರವನ್ನು ಬೇಕಾದಂತೆ ಏರಿಸಬಹುದು. ಸಂಖ್ಯೆಯೊಂದನ್ನು ಒಂದು ಹೆಚ್ಚಿಸಿದರೆ ಶ್ರಮ ಎರಡು ಪಟ್ಟಾಗುತ್ತದೆ. ಗಣಕಗಳು ವರ್ಷವರ್ಷಕ್ಕೂ ಬಲಿಷ್ಠವಾಗುತ್ತವೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಮಾಡಿದ ಏರ್ಪಾಡು ಇದು.

ವಿದ್ಯೆ ಇಷ್ಟು ಬೆಳೆದಿದ್ದರೂ ಅದನ್ನು ಅನುಸರಿಸಲು ಎಲ್ಲರೂ ಮನಸ್ಸು ಮಾಡಲಿಲ್ಲ ಎಂಬುದು ದುಃಖದ ಸಂಗತಿ. 2009ರಲ್ಲಿ ರಾಕ್‌ಯೂ ಎಂಬ ಅಮೆರಿಕದ ಸಂಸ್ಥೆಯಿಂದ 3 ಕೋಟಿ 20 ಲಕ್ಷ ಗುಪ್ತಪದಗಳು ಕಳುವಾದವು. ಅವೆಲ್ಲವೂ ಬೀಸದ ಕಾಳುಗಳೇ. 1962ರಲ್ಲಿದ್ದಂತೆಯೇ ಇದ್ದದ್ದು ಇದ್ದಹಾಗೆ ಬರೆದಿಟ್ಟಿದ್ದರು. ಅದರಲ್ಲಿ 2 ಲಕ್ಷ 90 ಸಾವಿರಕ್ಕೂ ಹೆಚ್ಚು ಮಂದಿಯ ಪದ 123456. ಲಿಂಕ್ಡ್‌ಇನ್ ಸಂಸ್ಥೆಯಿಂದ 2012ರಲ್ಲಿ ಸುಮಾರು 65 ಲಕ್ಷ ಪದಗಳ ಹಿಟ್ಟು ಹೊರಬಿತ್ತು. ಅಲ್ಲಿ ಬೀಸಿಯೇನೋ ಇದ್ದರು, ಉಪ್ಪು ಬೆರೆಸಿರಲಿಲ್ಲ. ಉಪ್ಪಿನ ಪಾಠ ಅಚ್ಚಾಗಿ ಆಗಲೇ 33 ವರ್ಷಗಳಾಗಿದ್ದವು! ಫೇಸ್‌ಬುಕ್ ಕೋಟ್ಯಂತರ ಜನರ ಗುಪ್ತಪದಗಳನ್ನು ತನ್ನ ಆಂತರಿಕ ದಾಖಲೆಗಳಲ್ಲಿ ಬೀಸದೆ ಉಳಿಸಿಕೊಂಡಿದ್ದ ಸಂಗತಿ 2019ರಲ್ಲಿ ಬಯಲಾಯಿತು. ಅದಕ್ಕಾಗಿ 2024ರಲ್ಲಿ ಐರ್ಲೆಂಡಿನ ಪ್ರಾಧಿಕಾರವು ಅದರ ಮಾತೃಸಂಸ್ಥೆಗೆ 9 ಕೋಟಿ 10 ಲಕ್ಷ ಯೂರೋ ದಂಡ ವಿಧಿಸಿತು.

ಇತ್ತ ಬಳಕೆದಾರನ ತಲೆಯ ಮೇಲೆ ಮಾತ್ರ ಹೊರೆ ಏರುತ್ತಲೇ ಹೋಯಿತು. ದೊಡ್ಡಕ್ಷರ ಇರಲಿ, ಅಂಕಿ ಇರಲಿ, ಚಿಹ್ನೆ ಇರಲಿ, ಮೂರು ತಿಂಗಳಿಗೊಮ್ಮೆ ಬದಲಾಯಿಸಿ ಎಂಬ ನಿಯಮಗಳು ಬಂದವು. ಇವು ವ್ಯಾಪಕವಾಗಲು ಮುಖ್ಯ ಕಾರಣ ಅಮೆರಿಕದ ಮಾನಕ ಸಂಸ್ಥೆ ಎನ್.ಐ.ಎಸ್.ಟಿ.ಗಾಗಿ 2003ರಲ್ಲಿ ಬಿಲ್ ಬರ್ ಎಂಬವರು ಬರೆದ ಮಾರ್ಗದರ್ಶಿ. 2017ರಲ್ಲಿ ಅವರೇ ಪತ್ರಿಕೆಯೊಂದರ ಮುಂದೆ ತಮ್ಮ ಆ ಸಲಹೆಗಾಗಿ ವಿಷಾದ ವ್ಯಕ್ತಪಡಿಸಿದರು. ಪದೇಪದೇ ಬದಲಾಯಿಸು ಎಂದರೆ ಜನ ಕೊನೆಯ 1ನ್ನು 2 ಮಾಡುತ್ತಾರೆ, ಅಷ್ಟೆ. ಅದನ್ನು ಊಹಿಸಲು ಕಳ್ಳನಿಗೆ ಕಷ್ಟವಿಲ್ಲ. ಅದೇ ವರ್ಷದ ಹೊಸ ಮಾರ್ಗದರ್ಶಿಯು, ಸೋರಿಕೆಯ ಸುಳಿವಿಲ್ಲದೆ ಬದಲಾಯಿಸಲು ಒತ್ತಾಯಿಸಬೇಡಿ, ಉದ್ದವಾದ ಪದಗಳಿಗೆ ಅವಕಾಶ ಕೊಡಿ, ಈಗಾಗಲೇ ಸೋರಿಹೋದ ಪದಗಳನ್ನು ಒಪ್ಪಬೇಡಿ ಎಂದು ಕಾವಲುಗಾರರಿಗೇ ಕರ್ತವ್ಯಗಳನ್ನು ವಿಧಿಸಿತು.

ಹಾಗೆಂದು ಬಳಕೆದಾರನ ಪಾಲು ಏನೂ ಇಲ್ಲವೆಂದಲ್ಲ. ಯುನಿಕ್ಸ್ ನಿರ್ಮಾತೃಗಳ ಸುಮಾರು 1980ರ ಕಾಲದ ಹಿಟ್ಟಿನ ಪಟ್ಟಿಯೊಂದು ಹಳೆಯ ಕಡತಗಳ ನಡುವೆ ಉಳಿದಿತ್ತು. ಆಸಕ್ತರು ಅದನ್ನು ಬಿಡಿಸತೊಡಗಿದರು. ಸ್ಟೀಫನ್ ಬೋರ್ನ್ ತಮ್ಮ ಕುಲನಾಮವನ್ನೇ ಗುಪ್ತಪದ ಮಾಡಿಕೊಂಡಿದ್ದರು. ಬ್ರಿಯಾನ್ ಕರ್ನಿಘನ್ ಅವರದು ಕೀಲಿಮಣೆಯಲ್ಲಿ ಅಕ್ಕಪಕ್ಕದ ಮೂರು ಚಿಹ್ನೆಗಳು ಎರಡು ಸಲ. ಅಂಥ ಮೇಧಾವಿಗಳೂ ನಮ್ಮ ಹಾಗೆಯೇ! ಥಾಂಪ್ಸನ್ ಅವರ ಪದ ಮಾತ್ರ ಬಹುಕಾಲ ಯಾರಿಗೂ ದಕ್ಕಲಿಲ್ಲ. 2019ರ ಅಕ್ಟೋಬರಿನಲ್ಲಿ, ಆಧುನಿಕ ಗ್ರಾಫಿಕ್ಸ್ ಕಾರ್ಡೊಂದು ನಾಲ್ಕು ದಿನಗಳಿಗೂ ಹೆಚ್ಚು ಕಾಲ ಬೀಸಿದ ಮೇಲೆ ಅದು ಹೊರಬಂದಿತು: ‘ಪಿ/ಕ್ಯು2-ಕ್ಯು4!’. ಚದುರಂಗದಲ್ಲಿ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುವ ಆರಂಭದ ನಡೆ ಅದು. ಚದುರಂಗದ ಯಂತ್ರವನ್ನೇ ಕಟ್ಟಿದ್ದ ಥಾಂಪ್ಸನ್‌ಗೆ ಅದು ಮರೆಯುವ ಮಾತೇ ಅಲ್ಲ; ಯಾವ ನಿಘಂಟಿನಲ್ಲಿಯೂ ಸಿಗುವ ಪದವೂ ಅಲ್ಲ. ತನಗೆ ಸುಲಭ, ಪರರಿಗೆ ದುರ್ಲಭ ಎಂಬುದೇ ಒಳ್ಳೆಯ ಗುಪ್ತಪದದ ಲಕ್ಷಣ.

ಇನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೆ, ಬಂಧುಗಳಿಗೆ ಈ ಇತಿಹಾಸದಿಂದ ಏನು ಪ್ರಯೋಜನ? ಮೂರು ಮಾತು ಹೇಳುವೆನು. ಒಂದು: ಒಂದು ಕಡೆ ಇಟ್ಟ ಪದವನ್ನು ಇನ್ನೊಂದು ಕಡೆ ಇಡಬೇಡಿ. ಯಾವ ಕಾವಲುಗಾರ ಬೀಸಿ ಇಟ್ಟಿದ್ದಾನೆ, ಯಾವನು ಹಾಗೆಯೇ ಇಟ್ಟಿದ್ದಾನೆ ಎಂಬುದು ಹೊರಗಿನಿಂದ ಕಾಣುವುದಿಲ್ಲ; ಒಬ್ಬನ ಅಲಕ್ಷ್ಯದಿಂದ ನಿಮ್ಮ ಎಲ್ಲ ಬಾಗಿಲುಗಳೂ ತೆರೆದುಕೊಳ್ಳಬಾರದು. ಎರಡು: ಮರೆತೆನೆಂದು ತಿಳಿಸಿದಾಗ ಯಾವುದಾದರೂ ತಾಣ ನಿಮ್ಮ ಹಳೆಯ ಪದವನ್ನೇ ಮಿಂಚಂಚೆಯಲ್ಲಿ ಕಳುಹಿಸಿದರೆ ಸಂತೋಷಪಡಬೇಡಿ. ಅವರಿಗೆ ಅದು ತಿಳಿದಿದೆ ಎಂದಾಯಿತು. ಅಂಥಲ್ಲಿ ಮುಖ್ಯವಾದ ಏನನ್ನೂ ಇಡಬೇಡಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ವಿಶೇಷವಾಗಿ ನನ್ನ ಓರಗೆಯವರಿಗೆ. ದೂರವಾಣಿಯಲ್ಲಿ ಯಾರೇ ಆಗಲಿ, ಬ್ಯಾಂಕಿನವನೆಂದೋ ಅಧಿಕಾರಿಯೆಂದೋ ಹೇಳಿಕೊಂಡು, ಎಷ್ಟೇ ವಿನಯದಿಂದ, ಎಷ್ಟೇ ಗದರಿಸಿ, ನಿಮ್ಮ ಗುಪ್ತಪದವನ್ನು ಕೇಳಿದರೆ ಅವನು ವಂಚಕನೇ. ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಅದನ್ನು ತಿಳಿಯಬೇಕಾದ ಮನುಷ್ಯ ನಿಮ್ಮನ್ನು ಬಿಟ್ಟು ಬೇರೊಬ್ಬನಿಲ್ಲ. ಎದುರು ಮಾತನಾಡಲು ಸಂಕೋಚಪಡಬೇಡಿ, ಫೋನನ್ನು ಕೆಳಗಿಡಿ.